ಗೋಡೆಯಾಚೆ ನೆಲೆಯಿಲ್ಲದ ವಿಶ್ವವಿದ್ಯಾಲಯ

ಹೈದರಾಬಾದಿನಲ್ಲಿ ನೆಲ ಮಾರುವುದು ಗಜದ ಲೆಕ್ಕದಲ್ಲಿ. ಒಂದು ಎಕರೆಗೆ 4,840 ಚದರ ಗಜ. 2023ರ ಆಗಸ್ಟ್‌ನಲ್ಲಿ ಅಲ್ಲಿನ ಮಹಾನಗರ ಅಭಿವೃದ್ಧಿ ಪ್ರಾಧಿಕಾರ ಕೋಕಾಪೇಟೆಯ ನಿಯೋಪೊಲಿಸ್ ಬಡಾವಣೆಯ ಪ್ಲಾಟುಗಳನ್ನು ಹರಾಜಿಗಿಟ್ಟಾಗ ಸರಾಸರಿ ಬೆಲೆ ಎಕರೆಗೆ 73 ಕೋಟಿ ರೂಪಾಯಿ ದಾಟಿತು. ಒಂದು ಪ್ಲಾಟು ಎಕರೆಗೆ 100.75 ಕೋಟಿಯಂತೆ ಹೋಯಿತು. ಗಜಕ್ಕೆ 2 ಲಕ್ಷಕ್ಕೂ ಮಿಕ್ಕಿತು ಅಂತಾಯಿತು. ಎರಡು ವರ್ಷ ಕಳೆದು 2025ರ ಅಕ್ಟೋಬರ್‌ನಲ್ಲಿ ತೆಲಂಗಾಣ ಕೈಗಾರಿಕಾ ಮೂಲಸೌಕರ್ಯ ನಿಗಮ ರಾಯದುರ್ಗಂನ ಏಳೂವರೆ ಎಕರೆಗೆ ತುಸು ಹೆಚ್ಚಿನ ಜಾಗವೊಂದನ್ನು ಎಕರೆಗೆ 177 ಕೋಟಿಯಂತೆ ಮಾರಿತು. ಗಜಕ್ಕೆ ಸುಮಾರು 3.65 ಲಕ್ಷ. ಈ ಎರಡು ಹರಾಜುಗಳ ನಡುವಣ ನೆಲವೇ ಗಚ್ಚಿಬೌಲಿ. ಹೈದರಾಬಾದ್ ವಿಶ್ವವಿದ್ಯಾಲಯ, ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ, ಐಐಐಟಿ, ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೈದರಾಬಾದ್ ಕೇಂದ್ರ, ಇವೆಲ್ಲ ಒಂದೇ ಸೀಮೆಯಲ್ಲಿವೆ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ನೆಟ್ ಫೆಲೋಶಿಪ್ ಇಲ್ಲದೆ ಪಿಎಚ್‌ಡಿ ಮಾಡುವವರಿಗೆ ಸಿಗುವುದು ತಿಂಗಳಿಗೆ 8,000 ರೂಪಾಯಿ. ಒಂದು ಪೈಸೆ ಖರ್ಚು ಮಾಡದೆ ಸುಮಾರು ನಾಲ್ಕು ವರ್ಷ ಅದನ್ನು ಕೂಡಿಟ್ಟರೆ ರಾಯದುರ್ಗಂನಲ್ಲಿ ಒಂದು ಗಜ ನೆಲ ದಕ್ಕುತ್ತದೆ. ವಿಶ್ವವಿದ್ಯಾಲಯ ಬಂದ ಕಡೆ ಸುತ್ತಲಿನ ಮನೆಗಳು ತುಟ್ಟಿಯಾಗುತ್ತವೆ ಎಂಬುದು ಸಾಮಾನ್ಯ ತಿಳಿವಳಿಕೆ. ಗಚ್ಚಿಬೌಲಿಯ ಲೆಕ್ಕ ಬೇರೆಯೇ ಇದೆ. ಇಲ್ಲಿ ಬೆಲೆ ಏರಿಸಿದ್ದು ವಿಶ್ವವಿದ್ಯಾಲಯವಲ್ಲ. ಏರಿದ ಬೆಲೆ ವಿಶ್ವವಿದ್ಯಾಲಯದ ಜನರನ್ನು ಅದರ ಗೋಡೆಯ ಹೊರಗೆ ಬಾಳಲಾಗದಂತೆ ಮಾಡಿದೆ. ಹಾಗಾಗಿ ಗೋಡೆಯ ಒಳಗಿನ ನೆಲವನ್ನು 'ಖಾಲಿ ಬಿದ್ದ ಆಸ್ತಿ' ಎಂದು ಎಣಿಸುವುದು ಲೆಕ್ಕದಲ್ಲೂ ತಪ್ಪು, ನೀತಿಯಲ್ಲೂ ತಪ್ಪು ಎಂಬುದು ನನ್ನ ವಾದ.

ಹೈದರಾಬಾದ್ ವಿಶ್ವವಿದ್ಯಾಲಯ ಊರಾಚೆಗೆ ಹೋದ ಬಗೆಯನ್ನು ಮೊದಲು ನೋಡಬೇಕು. 1969ರ ತೆಲಂಗಾಣ ಚಳವಳಿ, 1972ರ ಜೈ ಆಂಧ್ರ ಚಳವಳಿಗಳ ಬಿಸಿ ಆರಿಸಲು 1973ರಲ್ಲಿ ರೂಪಿಸಿದ ಆರು ಅಂಶಗಳ ಸೂತ್ರದಲ್ಲಿ ಹೈದರಾಬಾದಿಗೊಂದು ಕೇಂದ್ರೀಯ ವಿಶ್ವವಿದ್ಯಾಲಯ ಎಂಬುದೂ ಸೇರಿತ್ತು. ಅದಕ್ಕಾಗಿ ಸಂವಿಧಾನಕ್ಕೆ 371ಇ ವಿಧಿಯನ್ನೇ ಸೇರಿಸಿದರು. 1974ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಮೊದಲು ನಡೆದದ್ದು ನಗರದ ನಡುವೆ, ಸರೋಜಿನಿ ನಾಯ್ಡು ಅವರ ಮನೆ 'ಗೋಲ್ಡನ್ ಥ್ರೆಶೋಲ್ಡ್'ನಲ್ಲಿ. ನಗರದಿಂದ ಬಹುದೂರ, ಕಂಚ ಗಚ್ಚಿಬೌಲಿಯಲ್ಲಿ ಸುಮಾರು 2,300 ಎಕರೆ ಕೊಟ್ಟರು. ತೆಲಂಗಾಣದಲ್ಲಿ 'ಕಂಚ' ಎಂದರೆ ಬೇಸಾಯಕ್ಕೆ ಒಗ್ಗದ, ದನ ಮೇಯುವ ನೆಲ. ನಮ್ಮ ಕಾವಲು, ಗೋಮಾಳಗಳ ಹಾಗೆ. ಬಂಡೆ, ಕುರುಚಲು, ಎರಡು ಮೂರು ಕೆರೆ. ಆ ಕಾಲಕ್ಕೆ ಅದನ್ನು ಬೇರೆ ಯಾರೂ ಬೇಡುತ್ತಿರಲಿಲ್ಲ. ಅಗ್ಗದ ನೆಲವನ್ನು ಹುಡುಕಿಕೊಂಡು ವಿಶ್ವವಿದ್ಯಾಲಯ ಅಲ್ಲಿಗೆ ಹೋಯಿತು. ಮುಂದಿನ ಇಪ್ಪತ್ತು ವರ್ಷ ಅದು ಅಲ್ಲಿದ್ದರೂ ಗಚ್ಚಿಬೌಲಿಯ ನೆಲ ಹೇಳಿಕೊಳ್ಳುವಷ್ಟು ತುಟ್ಟಿಯಾಗಲಿಲ್ಲ ಎಂಬುದು ಗಮನಾರ್ಹ. ಪಾಠ, ಸಂಶೋಧನೆಗಳಿಂದಲೇ ನೆಲದ ಬೆಲೆ ಏರುವುದಾಗಿದ್ದರೆ ಆ ಎರಡು ದಶಕಗಳಲ್ಲೇ ಏರಬೇಕಿತ್ತು.

ಏರಿದ್ದು 1998ರ ನಂತರ. ಆ ವರ್ಷದ ನವೆಂಬರ್‌ನಲ್ಲಿ ಪ್ರಧಾನಿ ವಾಜಪೇಯಿ ಮಾದಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟಿಸಿದರು. ಐಐಐಟಿ, ಉರ್ದು ವಿಶ್ವವಿದ್ಯಾಲಯ ಶುರುವಾದದ್ದೂ ಅದೇ ವರ್ಷ. ಬಿಸಿನೆಸ್ ಸ್ಕೂಲ್ ಬಾಗಿಲು ತೆರೆದದ್ದು 2001ರಲ್ಲಿ. ಕ್ರೀಡಾಂಗಣ, ಮೈಕ್ರೋಸಾಫ್ಟ್, ಇನ್ಫೋಸಿಸ್, ನಾನಕ್‌ರಾಮ್‌ಗುಡದ ಹಣಕಾಸು ವಲಯ, 2008ರಲ್ಲಿ ಶಂಷಾಬಾದಿನ ವಿಮಾನ ನಿಲ್ದಾಣ, ಅದಕ್ಕೆ ಜೋಡಿಸುವ ಹೊರವರ್ತುಲ ರಸ್ತೆ ಒಂದರ ಹಿಂದೊಂದು ಬಂದವು. ಬೆಂಗಳೂರಿನ ಐಟಿ ವಲಯಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ವೈಟ್‌ಫೀಲ್ಡ್, ಬೆಳ್ಳಂದೂರುಗಳಲ್ಲಿ ನೆಲ ಬಹುಪಾಲು ರೈತರ ಕೈಯಿಂದ ಬಿಲ್ಡರ್ ಕೈಗೆ ದಾಟಿತು. ಹೈದರಾಬಾದಿನ ಪಶ್ಚಿಮದಲ್ಲಿ ಹಿಂದಿನಿಂದಲೂ ಸರ್ಕಾರದ ಹೆಸರಿನಲ್ಲಿದ್ದ ಭೂಮಿ ಅಪಾರ. ಆದ್ದರಿಂದ ಅಲ್ಲಿ ಸರ್ಕಾರವೇ ನೆಲದ ಒಡೆಯ, ಕಟ್ಟಡದ ನಿಯಮ ಬರೆಯುವುದೂ ಅದೇ, ಹರಾಜು ಕೂಗುವುದೂ ಅದೇ. ಪಕ್ಷ ಬದಲಾದರೂ ಈ ಪದ್ಧತಿ ಬದಲಾಗಿಲ್ಲ: ಬೊಕ್ಕಸಕ್ಕೆ ಹಣ ಬೇಕಾದಾಗಲೆಲ್ಲ ಪಶ್ಚಿಮದ ಒಂದು ತುಂಡು ಹರಾಜಿಗೆ ಬರುತ್ತದೆ. ಹರಾಜಿನಲ್ಲಿ ಬಂದ ಬೆಲೆ ಮರುದಿನದಿಂದ ಸುತ್ತಲಿನ ಎಲ್ಲ ಖಾಸಗಿ ಪ್ಲಾಟುಗಳ ಅಳತೆಗೋಲಾಗುತ್ತದೆ.

ಇದಕ್ಕೆ ಇನ್ನೊಂದು ನಿಯಮ ಬೆಂಬಲವಾಗಿ ನಿಂತಿದೆ. ಒಂದು ನಿವೇಶನದ ಮೇಲೆ ಅದರ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿಗೆ ಎಫ್‌ಎಸ್‌ಐ ಎನ್ನುತ್ತಾರೆ. ಮುಂಬೈ, ಬೆಂಗಳೂರು, ಚೆನ್ನೈಗಳಲ್ಲಿ ಆ ಮಿತಿ ಇದೆ. ಹೈದರಾಬಾದಿನಲ್ಲಿ 2006ರಲ್ಲಿ ಅದನ್ನು ತೆಗೆದುಹಾಕಿದರು. ರಸ್ತೆಯ ಅಗಲ, ಬಿಡಬೇಕಾದ ಖಾಲಿ ಜಾಗ ಇವಷ್ಟನ್ನು ಪಾಲಿಸಿದರೆ ಎಷ್ಟು ಎತ್ತರಕ್ಕಾದರೂ ಹೋಗಬಹುದು. ಕೋಕಾಪೇಟೆಯಲ್ಲಿ ಐವತ್ತು ಮಹಡಿ ಮೀರಿದ ಗೋಪುರಗಳು ಎದ್ದಿರುವುದು ಇದರಿಂದ. ಒಂದು ಎಕರೆಗೆ 100 ಕೋಟಿ ಕೊಟ್ಟವನು ಎರಡೂವರೆ ಪಟ್ಟಿನ ಮಿತಿಯೊಳಗೆ ಕಟ್ಟಬೇಕಾಗಿದ್ದರೆ, ಕಟ್ಟಡದ ಪ್ರತಿ ಚದರ ಅಡಿಯ ಮೇಲೆ ನೆಲದ ಖರ್ಚೇ 9,000 ರೂಪಾಯಿ ದಾಟುತ್ತಿತ್ತು. ಅದೇ ಎಕರೆಯಲ್ಲಿ ಐದು ಲಕ್ಷ ಚದರ ಅಡಿ ಕಟ್ಟಲು ಬಿಟ್ಟರೆ ಅದು 2,000ಕ್ಕೆ ಇಳಿಯುತ್ತದೆ. ಕೇಳಲು ಇದು ಗ್ರಾಹಕನಿಗೆ ಲಾಭವೆನಿಸುತ್ತದೆ. ಆದರೆ ಹರಾಜಿನಲ್ಲಿ ಕೂತ ಎಲ್ಲರಿಗೂ ಈ ಲೆಕ್ಕ ಗೊತ್ತು. ಇನ್ನೂ ಕಟ್ಟದ ನಲವತ್ತನೆಯ ಮಹಡಿಯ ಆದಾಯವನ್ನು ಇವತ್ತಿನ ಬಿಡ್ಡಿನಲ್ಲೇ ಸೇರಿಸಿ ಕೂಗುತ್ತಾರೆ. ಮಿತಿ ತೆಗೆದದ್ದರ ಲಾಭದ ದೊಡ್ಡ ಪಾಲು ಮನೆ ಕೊಳ್ಳುವವನಿಗೆ ತಲುಪುವ ಮೊದಲೇ ನೆಲದ ಬೆಲೆಯಾಗಿ ಸರ್ಕಾರದ ಖಜಾನೆಗೆ, ಭೂಮಾಲೀಕರ ಜೇಬಿಗೆ ಸೇರಿಬಿಡುತ್ತದೆ.

ಹಾಗಾದರೆ ಇಲ್ಲಿ ಇರುವವರು ಯಾರು? ಗಚ್ಚಿಬೌಲಿ, ಕೊಂಡಾಪುರ, ನಲ್ಲಗಂಡ್ಲ, ತೆಲ್ಲಾಪುರಗಳ ಗೇಟೆಡ್ ಕಮ್ಯುನಿಟಿಗಳಲ್ಲಿ ಐಟಿ ಕಂಪನಿಗಳ ಉದ್ಯೋಗಿಗಳು, ವೈದ್ಯರು, ಅಮೆರಿಕದಿಂದ ಹಣ ಹೂಡಿ ಮನೆ ಬಾಡಿಗೆಗೆ ಬಿಟ್ಟವರು, ಮಕ್ಕಳ ಜೊತೆ ಇರಲು ಕರಾವಳಿ ಆಂಧ್ರದಿಂದ ಬಂದ ತಂದೆ ತಾಯಿಗಳು. ಎನ್‌ಜಿಓ ಕಾಲೊನಿ, ಟೆಲಿಕಾಂ ನಗರಗಳಲ್ಲಿ ನೆಲ ಅಗ್ಗವಿದ್ದ ಕಾಲಕ್ಕೆ ನಿವೇಶನ ಪಡೆದ ಸರ್ಕಾರಿ ನೌಕರರ ಕುಟುಂಬಗಳು. ಇವರ ಸಂಬಳ ಸಾಧಾರಣ, ಆಸ್ತಿ ಕೋಟಿಗಳಲ್ಲಿ. ಅಂಜಯ್ಯ ನಗರ, ಸಿದ್ದಿಕ್ ನಗರಗಳಂಥ ಹಳೆಯ ಬಸ್ತಿಗಳಲ್ಲಿ ಅಂಗೈಯಗಲದ ನಿವೇಶನದ ಮೇಲೆ ಐದಾರು ಮಹಡಿ ಎಬ್ಬಿಸಿದ 'ಹಾಸ್ಟೆಲ್'ಗಳು. ಬೆಂಗಳೂರಿನ ಪಿಜಿಗೆ ಅಲ್ಲಿನ ಹೆಸರು ಅದು. ಟೂ ಶೇರಿಂಗ್, ತ್ರೀ ಶೇರಿಂಗ್, ಫೈವ್ ಶೇರಿಂಗ್ ಎಂಬ ಲೆಕ್ಕದಲ್ಲಿ ಅಲ್ಲಿ ಮಂಚ ಬಾಡಿಗೆಗೆ ಸಿಗುತ್ತದೆ. ಇವರೆಲ್ಲರ ಮನೆ ಕಟ್ಟುವವರು, ಗುಡಿಸುವವರು, ಕಾವಲು ಕಾಯುವವರು ತೆಲಂಗಾಣದ ಪಾಲಮೂರು ಸೀಮೆ, ಒಡಿಶಾ, ಬಿಹಾರ, ಜಾರ್ಖಂಡ್‌ಗಳಿಂದ ಬಂದವರು. ನಮ್ಮ ಯಾದಗಿರಿ, ಕಲಬುರಗಿ, ರಾಯಚೂರು ಸೀಮೆಯಿಂದ ಗುಳೆ ಬಂದವರೂ ಅವರಲ್ಲಿದ್ದಾರೆ. ಕಟ್ಟಡ ಮುಗಿದ ದಿನ ಅವರ ತಗಡಿನ ಶೆಡ್ಡು ಕಳಚುತ್ತದೆ. ಈ ಸೀಮೆಯ ಶೇರಿಲಿಂಗಂಪಲ್ಲಿ ವಿಧಾನಸಭಾ ಕ್ಷೇತ್ರದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮತದಾರರಿದ್ದಾರೆ, ತೆಲಂಗಾಣದಲ್ಲೇ ಅತಿ ಹೆಚ್ಚು. 2023ರ ಚುನಾವಣೆಯಲ್ಲಿ ಅವರಲ್ಲಿ ಅರ್ಧದಷ್ಟು ಜನರೂ ಮತ ಹಾಕಲಿಲ್ಲ. ವಾಸ ಇಲ್ಲಿ, ಬೇರು ಬೇರೆಲ್ಲೋ ಎಂಬ ಜನರೇ ತುಂಬಿರುವ ಕಡೆ ನೆಲದ ಹರಾಜನ್ನು ಪ್ರಶ್ನಿಸುವ ಸ್ಥಳೀಯ ರಾಜಕಾರಣ ಹುಟ್ಟುವುದು ಕಷ್ಟ.

ಈ ಪಟ್ಟಿಯಲ್ಲಿ ವಿಶ್ವವಿದ್ಯಾಲಯದವರು ಎಲ್ಲಿ ಸೇರುತ್ತಾರೆ ಎಂದು ಹುಡುಕಿ. ಹೊಸದಾಗಿ ಸೇರಿದ ಸಹಾಯಕ ಪ್ರಾಧ್ಯಾಪಕರ ಮೂಲವೇತನ 57,700 ರೂಪಾಯಿ. ಹೈದರಾಬಾದ್ 'ಎಕ್ಸ್' ದರ್ಜೆಯ ನಗರವಾದ್ದರಿಂದ ಮನೆ ಬಾಡಿಗೆ ಭತ್ಯೆ ಮೂಲವೇತನದ ಶೇ 30, ಅಂದರೆ 17,310 ರೂಪಾಯಿ. ಗಚ್ಚಿಬೌಲಿಯ ಗೇಟೆಡ್ ಕಮ್ಯುನಿಟಿಯಲ್ಲಿ ಎರಡು ಮಲಗುವ ಕೋಣೆಯ ಮನೆ ಮೂವತ್ತು ಸಾವಿರಕ್ಕೂ ಸುಲಭಕ್ಕೆ ಸಿಗುವುದಿಲ್ಲ. ಮೇಲೆ ಮೇಂಟೆನೆನ್ಸ್ ಬೇರೆ. ನೆಟ್ ಪರೀಕ್ಷೆಯ ಮೂಲಕ ಜೆಆರ್‌ಎಫ್ ಫೆಲೋಶಿಪ್ ಪಡೆದ ಸಂಶೋಧಕರಿಗೆ 2023ರಿಂದ ತಿಂಗಳಿಗೆ 37,000 ಬರುತ್ತದೆ. ಅವರು ಇಬ್ಬರು ಮೂವರು ಸೇರಿ ಮನೆ ಹಿಡಿಯಬಹುದು. ನೆಟ್ ಇಲ್ಲದವರ 8,000 ರೂಪಾಯಿ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಅಷ್ಟಕ್ಕೇ ನಿಂತಿದೆ. ಶೇರಿಂಗ್ ಹಾಸ್ಟೆಲಿನ ಒಂದು ಮಂಚ, ಎರಡು ಹೊತ್ತಿನ ಊಟ, ಅಲ್ಲಿಗೆ ಅದು ಮುಗಿಯಿತು. ಪುಸ್ತಕಕ್ಕೆ, ಊರಿಗೆ ಕಳಿಸಲು ಏನೂ ಉಳಿಯುವುದಿಲ್ಲ. ಎಂಎ, ಎಂಎಸ್‌ಸಿ ವಿದ್ಯಾರ್ಥಿಗಳಿಗೆ ಅದೂ ಇಲ್ಲ. ಹೈದರಾಬಾದಿನಲ್ಲಿ ಎರಡು ತಿಂಗಳ ಅಡ್ವಾನ್ಸ್ ಸಾಕು, ಬೆಂಗಳೂರಿನ ಹತ್ತು ತಿಂಗಳ ಹೊರೆ ಇಲ್ಲ ಎಂಬುದು ನಿಜ. ಆದರೆ ಒಳಗೆ ಕಾಲಿಡುವುದು ಸುಲಭವಾದಷ್ಟಕ್ಕೆ ಉಳಿಯುವುದು ಸುಲಭವಾಗುವುದಿಲ್ಲ.

ಇದೇ ನಗರದ ಇನ್ನೊಂದು ವಿಶ್ವವಿದ್ಯಾಲಯದ ಸೀಮೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಕಳೆದುಕೊಂಡದ್ದೇನು ಎಂಬುದು ತಿಳಿಯುತ್ತದೆ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ್, ಗುಲ್ಬರ್ಗ, ರಾಯಚೂರುಗಳ ಕನ್ನಡಿಗರಿಗೂ ತಮ್ಮ ವಿಶ್ವವಿದ್ಯಾಲಯವಾಗಿತ್ತು. ಗುಲ್ಬರ್ಗದಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದ ಹುಡುಗ ಪದವಿಗೆ ರೈಲು ಹತ್ತಿ ಹೈದರಾಬಾದಿಗೆ ಹೋಗುತ್ತಿದ್ದ. ಕಾಚಿಗುಡದಲ್ಲಿ ನೃಪತುಂಗ ಶಾಲೆಯಂಥ ಕನ್ನಡ ಸಂಸ್ಥೆ ಬೆಳೆದದ್ದು ಹಾಗೆ ಹೋಗಿ ನೆಲೆಸಿದ ಕನ್ನಡಿಗರಿದ್ದುದರಿಂದ. ಕಾಚಿಗುಡ, ನಲ್ಲಕುಂಟ, ವಿದ್ಯಾನಗರ, ಅಡಿಕ್‌ಮೆಟ್, ತಾರ್ನಾಕಾ ಇವು ವಿಶ್ವವಿದ್ಯಾಲಯದ ಸುತ್ತ ಹಬ್ಬಿದ ಓಣಿಗಳು. ಮೇಷ್ಟರು, ಗುಮಾಸ್ತರು, ರೈಲ್ವೆಯವರು, ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ ಅಡುಗೆ ಮಾಡಿಕೊಂಡು ಓದುವ ವಿದ್ಯಾರ್ಥಿಗಳು ಅಕ್ಕಪಕ್ಕದಲ್ಲಿ ಬಾಳಿದರು. ಓದು ಮುಗಿದ ಮೇಲೂ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುತ್ತಾ ಅಲ್ಲೇ ವರ್ಷಗಟ್ಟಲೆ ಉಳಿದವರಿದ್ದಾರೆ. ಅಲ್ಲಿನ ಬಾಡಿಗೆ ಪೇಟೆ ಬೆಳೆದದ್ದು ವಿಶ್ವವಿದ್ಯಾಲಯಕ್ಕೆ ಬಂದವರ ಕೈಲಿದ್ದ ಹಣಕ್ಕೆ ತಕ್ಕಂತೆ. 2009ರಲ್ಲಿ ತೆಲಂಗಾಣ ಚಳವಳಿ ಉಸ್ಮಾನಿಯಾದ ಅಂಗಳದಲ್ಲಿ ಭುಗಿಲೆದ್ದದ್ದಕ್ಕೆ ಹಲವು ಕಾರಣಗಳಿದ್ದವು. ಹಳ್ಳಿಯ ಬಡ ಹುಡುಗ ಆ ಸೀಮೆಯಲ್ಲಿ ಬಾಳಲು ಸಾಧ್ಯವಾಗಿದ್ದುದು ಅವುಗಳಲ್ಲೊಂದು ಎಂದು ನಾನು ಭಾವಿಸುತ್ತೇನೆ. ಗಚ್ಚಿಬೌಲಿಯಲ್ಲಿ ಅಂಥ ಓಣಿ ಇಲ್ಲ. ವಿಶ್ವವಿದ್ಯಾಲಯದ ಗೇಟು ದಾಟಿದರೆ ಹೆದ್ದಾರಿ, ಹೆದ್ದಾರಿಯಾಚೆ ಕಂಪನಿ ಸಂಬಳಕ್ಕೆ ಹೊಂದಿಸಿದ ಪೇಟೆ.

ಆದ್ದರಿಂದಲೇ ಕ್ಯಾಂಪಸ್ಸಿನ ಹಾಸ್ಟೆಲ್ ಕೊಠಡಿ ಇಲ್ಲಿ ಅನುಕೂಲವೊಂದೇ ಅಲ್ಲ, ಅದು ಓದಿಗೇ ಆಧಾರ. ಹೊರಗಿನ ಪೇಟೆ ಹಣವನ್ನು ಮಾತ್ರ ನೋಡುವುದಿಲ್ಲ. ಹೆಸರು ಕೇಳುತ್ತದೆ, ಮಾಂಸಾಹಾರವೋ ಶಾಕಾಹಾರವೋ ಎಂದು ಕೇಳುತ್ತದೆ, ಒಂಟಿ ಹುಡುಗಿ ರಾತ್ರಿ ಎಷ್ಟಕ್ಕೆ ಬರುತ್ತಾಳೆ ಎಂದು ಕೇಳುತ್ತದೆ. ಮುಸ್ಲಿಂ ಮತ್ತು ದಲಿತ ವಿದ್ಯಾರ್ಥಿಗಳಿಗೆ ಬಾಡಿಗೆ ಮನೆಯ ಬಾಗಿಲು ಎರಡು ಸಲ ಮುಚ್ಚಿಕೊಳ್ಳುತ್ತದೆ, ಒಮ್ಮೆ ಬೆಲೆಯಿಂದ, ಇನ್ನೊಮ್ಮೆ ಮಾಲೀಕರ ಮನಸ್ಸಿನಿಂದ. 2015ರ ಕೊನೆಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ ಅಂಬೇಡ್ಕರ್ ವಿದ್ಯಾರ್ಥಿ ಸಂಘದ ಐವರು ಸಂಶೋಧಕರನ್ನು ಹಾಸ್ಟೆಲಿನಿಂದ ಹೊರಹಾಕಿತು. ಅವರು ಕ್ಯಾಂಪಸ್ಸಿನೊಳಗೇ ಬಯಲಲ್ಲಿ ಡೇರೆ ಹಾಕಿ ಅದನ್ನು 'ವೆಲಿವಾಡ' ಎಂದು ಕರೆದರು. ಊರಾಚೆಯ ಕೇರಿಗೆ ತೆಲುಗಿನಲ್ಲಿರುವ ಹೆಸರು ಅದು. 2016ರ ಜನವರಿ 17ರಂದು ಅವರಲ್ಲೊಬ್ಬರಾದ ರೋಹಿತ್ ವೇಮುಲ ತೀರಿಕೊಂಡರು. ಆ ದುರಂತಕ್ಕೆ ಹಲವು ಮುಖಗಳಿವೆ, ಅವನ್ನೆಲ್ಲ ಬಾಡಿಗೆಯ ಲೆಕ್ಕಕ್ಕೆ ಇಳಿಸುವುದು ಅನ್ಯಾಯ. ಹಾಸ್ಟೆಲ್ ತಪ್ಪಿದವನಿಗೆ ಆ ಸೀಮೆಯಲ್ಲಿ ಡೇರೆಯಲ್ಲದೆ ಬೇರೆ ಏನು ಉಳಿದಿತ್ತು ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡುವುದಿಲ್ಲ. ಖಾಸಗಿ ಹಾಸ್ಟೆಲುಗಳಿರುವ ಬಸ್ತಿಯ ಕಟ್ಟಡಗಳ ಸ್ಥಿತಿ ಹೇಗೆ ಎಂಬುದಕ್ಕೆ 2024ರ ನವೆಂಬರ್ ಸಾಕ್ಷಿ: ಸಿದ್ದಿಕ್ ನಗರದಲ್ಲಿ ಇಕ್ಕಟ್ಟಾದ ನಿವೇಶನದ ಮೇಲೆ ಎದ್ದಿದ್ದ ಬಹುಮಹಡಿ ಕಟ್ಟಡವೊಂದು, ಪಕ್ಕದಲ್ಲಿ ಅಡಿಪಾಯ ತೋಡುತ್ತಿದ್ದಂತೆ ವಾಲಿಕೊಂಡಿತು. ಒಳಗಿದ್ದವರನ್ನು ಹೊರತಂದು ಅದನ್ನು ಕೆಡವಬೇಕಾಯಿತು.

ನನ್ನ ವಾದಕ್ಕೆ ಅರ್ಥಶಾಸ್ತ್ರ ಬಲ್ಲವರ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹೆಚ್ಚು ಕಟ್ಟಲು ಬಿಟ್ಟರೆ ಮನೆ ಹೆಚ್ಚುತ್ತವೆ, ಹೆಚ್ಚಿದರೆ ಬೆಲೆ ತಗ್ಗುತ್ತದೆ. ಎಫ್‌ಎಸ್‌ಐ ಮಿತಿ ತೆಗೆದ ಹೈದರಾಬಾದಿನಲ್ಲಿ ಮನೆ ಮುಂಬೈಗಿಂತ ಎಷ್ಟೋ ಅಗ್ಗವಲ್ಲವೇ ಎಂದು ಅವರು ಕೇಳುತ್ತಾರೆ. ಒಟ್ಟು ನಗರದ ಮಟ್ಟಿಗೆ ಈ ಮಾತನ್ನು ನಾನು ಒಪ್ಪುತ್ತೇನೆ. ಕಟ್ಟುವುದನ್ನು ತಡೆದ ನಗರಗಳ ಬಡವರು ಇನ್ನೂ ಹೆಚ್ಚು ಕಷ್ಟದಲ್ಲಿದ್ದಾರೆ. ಆದರೆ ಎಂಥ ಮನೆ ಎಂಬ ಪ್ರಶ್ನೆ ಉಳಿಯುತ್ತದೆ. ಹೊಸ ಫ್ಲ್ಯಾಟುಗಳ ಸರಾಸರಿ ವಿಸ್ತೀರ್ಣ ಅತಿ ದೊಡ್ಡದಿರುವ ದೇಶದ ಮಹಾನಗರಗಳಲ್ಲಿ ಹೈದರಾಬಾದೂ ಒಂದು ಎಂದು ರಿಯಲ್ ಎಸ್ಟೇಟ್ ವರದಿಗಳು ಹೇಳುತ್ತಿವೆ. ಗಜಕ್ಕೆ ಎರಡು ಮೂರು ಲಕ್ಷದ ನೆಲದ ಮೇಲೆ ಐವತ್ತು ಮಹಡಿ ಕಟ್ಟುವವನು ಕ್ಲಬ್‌ಹೌಸು, ಮೂರು ಕಾರಿನ ಜಾಗವಿರುವ ದೊಡ್ಡ ಮನೆಯನ್ನೇ ಕಟ್ಟುತ್ತಾನೆ. ನಾನೂರು ಚದರ ಅಡಿಯ ಮನೆಯನ್ನು ಸಂಶೋಧಕರಿಗೆಂದು ಕಟ್ಟುವುದಿಲ್ಲ. ಎಲ್ಲಾದರೂ ಅಗ್ಗದ ಕಡೆ ಇದ್ದು ಓಡಾಡಲಿ ಎನ್ನುವವರಿಗೆ ಉತ್ತರ ಇನ್ನೂ ಸರಳ: ಮೆಟ್ರೊದ ನೀಲಿ ಮಾರ್ಗ 2019ರಲ್ಲಿ ರಾಯದುರ್ಗಂ ತಲುಪಿ ಅಲ್ಲೇ ನಿಂತಿದೆ, ವಿಶ್ವವಿದ್ಯಾಲಯದ ಗೇಟಿಗೆ ಬಂದಿಲ್ಲ. ರಾತ್ರಿ ಹತ್ತರವರೆಗೆ ಪ್ರಯೋಗಾಲಯದಲ್ಲಿರಬೇಕಾದ ಹುಡುಗಿಗೆ ಆ ಮೇಲೆ ಇಪ್ಪತ್ತು ಕಿಲೋಮೀಟರಿನ ಪಯಣವನ್ನು ಪರಿಹಾರವೆಂದು ಹೇಳಲಾಗದು.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣ. ಸುಮಾರು ಐದು ಸಾವಿರ ವಿದ್ಯಾರ್ಥಿಗಳಿಗೆ ಎರಡು ಸಾವಿರ ಚಿಲ್ಲರೆ ಎಕರೆ ಏಕೆ? ಒಂದು ತುಂಡು ಮಾರಿದರೆ ಎಷ್ಟು ಶಾಲೆ, ಎಷ್ಟು ಆಸ್ಪತ್ರೆ ಕಟ್ಟಬಹುದು? 400 ಎಕರೆಯ ವಿವಾದದಲ್ಲಿ ಕೇಳಿದ್ದು ಇದೇ ಪ್ರಶ್ನೆ. 2004ರಲ್ಲಿ ಆಗಿನ ಸರ್ಕಾರ ವಿಶ್ವವಿದ್ಯಾಲಯದಿಂದ 534 ಎಕರೆ ಹಿಂಪಡೆದು, ಬದಲಿಗೆ ಗೋಪನಪಲ್ಲಿಯಲ್ಲಿ 397 ಎಕರೆ ಕೊಡುವ ಏರ್ಪಾಡು ಮಾಡಿ, 400 ಎಕರೆಯನ್ನು ಒಂದು ಕ್ರೀಡಾ ಕಂಪನಿಗೆ ನೀಡಿತು. 2006ರಲ್ಲಿ ಅದು ರದ್ದಾಯಿತು. ಮೊಕದ್ದಮೆ 2024ರವರೆಗೆ ಎಳೆದು ಸರ್ಕಾರದ ಪರವಾಗಿ ಮುಗಿದ ಮೇಲೆ ನೆಲ ಕೈಗಾರಿಕಾ ನಿಗಮದ ಕೈ ಸೇರಿತು. 2025ರ ಮಾರ್ಚ್ ಕೊನೆಯಲ್ಲಿ ಬುಲ್ಡೋಜರುಗಳು ಬಂದವು, ವಿದ್ಯಾರ್ಥಿಗಳು ಅಡ್ಡ ನಿಂತರು, ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಮರ ಕಡಿಯುವುದನ್ನು ತಡೆಯಿತು. ದಾಖಲೆಯಲ್ಲಿ ನೆಲ ತನ್ನದೇ ಎಂಬುದು ಸರ್ಕಾರದ ವಾದ. ಕೊಟ್ಟಾಗ ಹಕ್ಕು ವರ್ಗಾವಣೆಯ ಕಾಗದ ಕ್ರಮವಾಗಿ ಆಗಿರಲಿಲ್ಲ ಎಂಬುದು ಆ ವಾದದ ತಿರುಳು. ದೇಶ ಆ ದಿನಗಳಲ್ಲಿ ಜಿಂಕೆ, ನವಿಲು, ಅಣಬೆಯಾಕಾರದ ಬಂಡೆಯ ಬಗ್ಗೆ ಮಾತಾಡಿತು. ಅದು ಸರಿಯೇ. ವಸತಿಯ ಲೆಕ್ಕವನ್ನು ಮಾತ್ರ ಯಾರೂ ಅಷ್ಟಾಗಿ ಎತ್ತಲಿಲ್ಲ.

ಆ ಲೆಕ್ಕ ಹೀಗಿದೆ. ಮಾರಿದ ಎಕರೆ ಒಂದೇ ಸಲ ಹಣ ತರುತ್ತದೆ, ಮತ್ತು ಆ ಹರಾಜಿನ ಬೆಲೆ ಸುತ್ತಲ ಬಾಡಿಗೆಯನ್ನು ಇನ್ನಷ್ಟು ಏರಿಸುತ್ತದೆ. ಆ ಬಳಿಕ ವಿಶ್ವವಿದ್ಯಾಲಯಕ್ಕೆ ಹಾಸ್ಟೆಲ್ ಕಟ್ಟಬೇಕೆನಿಸಿದರೆ ಅದೇ ನೆಲವನ್ನು ಕೊಳ್ಳಲು ಯಾವ ಅನುದಾನವೂ ಸಾಲದು. ಅಮೆರಿಕದ ಅತಿ ತುಟ್ಟಿ ಸೀಮೆಯಲ್ಲಿರುವ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಬಳಿ ಎಂಟು ಸಾವಿರ ಎಕರೆ ಇದೆ. ಸ್ಥಾಪಕರ ದಾನಪತ್ರದ ಪ್ರಕಾರ ಅದನ್ನು ಮಾರುವಂತಿಲ್ಲ. ಮಾರಲಾಗದ ಆ ನೆಲವನ್ನು ಅಧ್ಯಾಪಕರಿಗೆ ದೀರ್ಘಾವಧಿ ಭೋಗ್ಯಕ್ಕೆ ಕೊಟ್ಟು ಮನೆ ಕಟ್ಟಿಸಿದ್ದರಿಂದಲೇ ಅವರು ಅಲ್ಲಿ ಉಳಿದಿದ್ದಾರೆ. ಕೇಂಬ್ರಿಜ್ ವಿಶ್ವವಿದ್ಯಾಲಯ ತನ್ನ ಹೊಲಗಳ ಮೇಲೆ ಎಡಿಂಗ್ಟನ್ ಎಂಬ ಹೊಸ ಬಡಾವಣೆ ಕಟ್ಟುತ್ತಿದ್ದು, ಅದರಲ್ಲಿ 1,500 ಮನೆಗಳನ್ನು ತನ್ನ ನೌಕರರು, ಸಂಶೋಧಕರ ಬಾಡಿಗೆಗೆಂದೇ ಮೀಸಲಿಟ್ಟಿದೆ. ಎರಡೂ ಶ್ರೀಮಂತ ಸಂಸ್ಥೆಗಳು. ಅವುಗಳಿಗೇ ಪೇಟೆಯನ್ನು ನಂಬಿ ಕೂರಲಾಗಲಿಲ್ಲ ಎಂಬುದನ್ನು ನೋಡಬೇಕು. ಹೈದರಾಬಾದ್ ವಿಶ್ವವಿದ್ಯಾಲಯವೂ ಇಲ್ಲಿ ಉತ್ತರ ಕೊಡಬೇಕಾಗಿದೆ. ಇಷ್ಟು ನೆಲವಿದ್ದೂ ಕೊಠಡಿ ಸಾಲದೆಂಬ ದೂರು ವಿದ್ಯಾರ್ಥಿಗಳಿಂದ ಮತ್ತೆ ಮತ್ತೆ ಬಂದಿದೆ. ಬಂಡೆ, ಕೆರೆ, ಕಾಡನ್ನು ಮುಟ್ಟಬೇಕಿಲ್ಲ; ಈಗಾಗಲೇ ಕಟ್ಟಡಗಳಿರುವ ಭಾಗದಲ್ಲೇ ಎತ್ತರಕ್ಕೆ ಕಟ್ಟಿ ಹಾಸ್ಟೆಲ್, ಅಧ್ಯಾಪಕರ ವಸತಿ, ಸ್ವಚ್ಛತಾ ಸಿಬ್ಬಂದಿಗೂ ಕಾವಲಿನವರಿಗೂ ಮನೆ ಒದಗಿಸಬಹುದು. ಗೋಡೆಯಾಚೆ ಐವತ್ತು ಮಹಡಿಗೆ ಒಪ್ಪಿಗೆ ಕೊಡುವ ಸರ್ಕಾರ ಗೋಡೆಯೊಳಗೆ ಹತ್ತು ಮಹಡಿಯ ಹಾಸ್ಟೆಲಿಗೆ ಹಣದ ಪಾಲು ಕೊಡುವುದು ಅತಿ ನಿರೀಕ್ಷೆಯೇನಲ್ಲ.

ಬೆಂಗಳೂರಿನವರು ಇದನ್ನು ದೂರದ ಸುದ್ದಿ ಎಂದುಕೊಳ್ಳಬಾರದು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿಗೆ ಸಿಕ್ಕ ಸಾವಿರದ ನೂರಕ್ಕೂ ಹೆಚ್ಚು ಎಕರೆಯಿಂದ ಕಾನೂನು ಶಾಲೆಗೆ, ಸಂಶೋಧನಾ ಸಂಸ್ಥೆಗಳಿಗೆ, ಕ್ರೀಡಾ ಪ್ರಾಧಿಕಾರಕ್ಕೆ ಒಂದೊಂದು ತುಂಡು ಹೋಗುತ್ತಾ ಬಂದಿದೆ. ಪ್ರತಿ ಸಲವೂ ಕೊಟ್ಟ ಕಾರಣ ಸಾರ್ವಜನಿಕ ಹಿತವೇ ಆಗಿತ್ತು. ಈ ನಡುವೆ ನಾಗರಭಾವಿ, ಉಳ್ಳಾಲಗಳ ಬಾಡಿಗೆ ಏರುತ್ತಲೇ ಇದೆ. ತುಂಡು ಕೇಳಿ ಬರುವ ಮುಂದಿನ ಕಡತದಲ್ಲಿ, ಈ ನೆಲದ ಮೇಲೆ ಎಷ್ಟು ವಿದ್ಯಾರ್ಥಿಗಳ ಮಂಚ ಹಿಡಿಯುತ್ತಿತ್ತು ಎಂಬ ಒಂದು ಸಾಲನ್ನಾದರೂ ಬರೆಯುವಂತಾಗಬೇಕು. ಹೈದರಾಬಾದಿನಲ್ಲಿ ಮಾಡಬೇಕಾದ್ದು ಇನ್ನೂ ಮೊದಲಿನ ಕೆಲಸ: ಐವತ್ತು ವರ್ಷದ ಹಿಂದೆ ನೆಲ ಕೊಟ್ಟಾಗ ಬರೆದುಕೊಡದೆ ಉಳಿಸಿದ ಹಕ್ಕುಪತ್ರವನ್ನು, ಗೋಪನಪಲ್ಲಿಯ ಬದಲಿ ನೆಲದ್ದೂ ಸೇರಿಸಿ, ವಿಶ್ವವಿದ್ಯಾಲಯದ ಹೆಸರಿಗೆ ಈಗ ಬರೆದುಕೊಡುವುದು.